ದೊಡ್ಡ ವಿದ್ಯುತ್ ಯಂತ್ರಗಳಲ್ಲಿ ಶಾಖದ ಲೆಕ್ಕ



ಪ್ರತಿಯೊಂದು ಜನರೇಟರಿನ ಮೈಮೇಲೂ ಒಂದು ಲೋಹದ ಫಲಕವಿರುತ್ತದೆ. ಇಷ್ಟು ಮೆಗಾವ್ಯಾಟ್, ಇಷ್ಟು ಕಿಲೋವೋಲ್ಟ್, ಇಷ್ಟು ಆಂಪಿಯರ್ ಎಂದು ಅದರಲ್ಲಿ ಕೆತ್ತಿರುತ್ತಾರೆ. 210 ಮೆಗಾವ್ಯಾಟ್ ಎಂದು ಕೆತ್ತಿದ ಯಂತ್ರದಿಂದ 250 ಮೆಗಾವ್ಯಾಟ್ ಏಕೆ ತೆಗೆಯಬಾರದು ಎಂದು ಎಂಜಿನಿಯರಿಂಗ್ ಓದುವ ಮಕ್ಕಳನ್ನು ಕೇಳಿದರೆ, ಉಗಿ ಸಾಲದು ಎಂದೋ ಕಾಂತಕ್ಷೇತ್ರ ಸಾಲದು ಎಂದೋ ಉತ್ತರ ಬರುತ್ತದೆ. ಉಗಿಯ ಮಾತು ಟರ್ಬೈನಿಗೆ ಸೇರಿದ್ದು. ಜನರೇಟರಿನ ಮಟ್ಟಿಗೆ ಉತ್ತರ ಬೇರೆ. ತಾಮ್ರ ಇನ್ನಷ್ಟು ಪ್ರವಾಹವನ್ನು ಹೊರಬಲ್ಲದು. ಆ ತಾಮ್ರಕ್ಕೆ ಸುತ್ತಿದ ಇನ್ಸುಲೇಷನ್ ಆಗ ಹುಟ್ಟುವ ಶಾಖವನ್ನು ತಾಳಲಾರದು. ಫಲಕದ ಮೇಲಿನ ಸಂಖ್ಯೆ ಎಂದರೆ ಶಾಖದ ಬಗ್ಗೆ ತಯಾರಕರು ಕೊಟ್ಟ ಮಾತು. ಆ ಮಾತು ಉಳಿಯುವುದೂ ಮುರಿಯುವುದೂ ಯಂತ್ರದ ಒಳಗೆಲ್ಲೋ ಇರುವ, ಎಲ್ಲಕ್ಕಿಂತ ಹೆಚ್ಚು ಬಿಸಿಯಾದ ಒಂದು ಜಾಗದಲ್ಲಿ. ಅಲ್ಲಿಗೆ ನಮ್ಮ ಕೈ ತಲುಪದು, ಕಣ್ಣು ತಲುಪದು, ಬಹುಮಟ್ಟಿಗೆ ಥರ್ಮಾಮೀಟರೂ ತಲುಪದು. ತಲುಪುವುದು ಲೆಕ್ಕ ಮಾತ್ರ. ಆ ಲೆಕ್ಕವನ್ನು ಎಷ್ಟರ ಮಟ್ಟಿಗೆ ನಂಬಬಹುದು, ನಂಬಿಕೆಗೆ ಯೋಗ್ಯವಾಗುವಂತೆ ಅದನ್ನು ಕಟ್ಟುವುದು ಹೇಗೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ಹೈದರಾಬಾದಿನ ಕೋಠಿಯಲ್ಲಿ ನಿಂತು ಇದನ್ನು ಕನ್ನಡದಲ್ಲಿ ಹೇಳುವುದಕ್ಕೆ ಒಂದು ಹಿನ್ನೆಲೆ ಇದೆ. 1956ರವರೆಗೆ ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಉನ್ನತ ವಿದ್ಯೆಗೆಂದು ಆ ಕಡೆಯ ಹುಡುಗರು ಇಲ್ಲಿಗೆ ಬರುತ್ತಿದ್ದರು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. 1929ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ತಾಂತ್ರಿಕ ವಿಷಯವನ್ನು ನಾಡಭಾಷೆಯಲ್ಲಿ ಹೇಳಲಾಗದು ಎಂಬ ಮಾತಿಗೆ ಈ ಊರು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಕೋಠಿಯ ಹಳೆ ಪುಸ್ತಕದ ಅಂಗಡಿಗಳಲ್ಲಿ ವಿದ್ಯುತ್ ಯಂತ್ರಗಳ ಪಠ್ಯಗಳನ್ನು ಇಂದಿಗೂ ರಾಶಿ ಹಾಕಿರುತ್ತಾರೆ. ತೆರೆದು ನೋಡಿದರೆ ಕಾಂತಕ್ಷೇತ್ರಕ್ಕೂ ವೈಂಡಿಂಗಿಗೂ ಹತ್ತಾರು ಅಧ್ಯಾಯ, ಶಾಖಕ್ಕೆ ಎಲ್ಲೋ ಒಂದು. ಯಂತ್ರ ಕೆಡುವಾಗಿನ ಲೆಕ್ಕ ನೋಡಿದರೆ ಈ ಪಾಲು ನ್ಯಾಯವಾದುದಲ್ಲ ಎಂದು ನನ್ನ ಅಭಿಪ್ರಾಯ.

ವಿಷಯ ನಮಗೆ ದೂರದ್ದೇನೂ ಅಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಶುರುವಾಗಿ ಒಂದರ ಹಿಂದೊಂದು ಎದ್ದು ನಿಂತ 210 ಮೆಗಾವ್ಯಾಟ್‌ನ 7 ಘಟಕಗಳೂ 250 ಮೆಗಾವ್ಯಾಟ್‌ನ 1 ಘಟಕವೂ ಇವೆ. ಅದೇ ಜಿಲ್ಲೆಯ ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ 2 ಘಟಕಗಳಿವೆ. ಶರಾವತಿಯಲ್ಲಿ 103.5 ಮೆಗಾವ್ಯಾಟ್‌ನ 10 ಜಲವಿದ್ಯುತ್ ಜನರೇಟರುಗಳು ತಿರುಗುತ್ತವೆ. ತೆಲಂಗಾಣದ ಕಾಳೇಶ್ವರಂ ಯೋಜನೆಯ ಗಾಯತ್ರಿ ಪಂಪ್ ಹೌಸ್‌ನಲ್ಲಿ, ನೆಲದಡಿಯಲ್ಲಿ, ತಲಾ 139 ಮೆಗಾವ್ಯಾಟ್‌ನ 7 ಮೋಟಾರುಗಳನ್ನು ಕೂರಿಸಿದ್ದಾರೆ. ಈ ಊರಿನ ಅಂಚಿನಲ್ಲಿರುವ ರಾಮಚಂದ್ರಾಪುರಂನ ಬಿಎಚ್‌ಇಎಲ್ ಕಾರ್ಖಾನೆ 1960ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ನೆರವಿನಿಂದ ಆರಂಭವಾಗಿ ಟರ್ಬೊ ಜನರೇಟರುಗಳನ್ನು ಕಟ್ಟುತ್ತಾ ಬಂದಿದೆ. ಆ ಕಾರ್ಖಾನೆಯಲ್ಲೂ ಶಕ್ತಿನಗರದಲ್ಲೂ ದುಡಿದ ಕನ್ನಡಿಗರು ನಮ್ಮ ನಡುವೆ ಅನೇಕರಿದ್ದಾರೆ. ಅವರು ದಿನವೂ ಪ್ಯಾನೆಲ್ಲಿನಲ್ಲಿ ನೋಡುವ ಉಷ್ಣತೆಯ ಅಂಕಿಗಳ ಹಿಂದೆ ಇರುವ ವಿಚಾರವನ್ನು ಬಿಡಿಸಿ ಹೇಳುವುದು ನನ್ನ ಉದ್ದೇಶ.

ಮೊದಲು ಶಾಖದ ಮೂಲ. ವೈಂಡಿಂಗಿನ ತಾಮ್ರದಲ್ಲಿ ಪ್ರವಾಹದ ವರ್ಗಕ್ಕೆ ತಕ್ಕಂತೆ ಶಾಖ ಹುಟ್ಟುತ್ತದೆ. ಕಬ್ಬಿಣದ ಕೋರ್‌ನಲ್ಲಿ ಕಾಂತತ್ವ ಸೆಕೆಂಡಿಗೆ 50 ಸಲ ತಿರುಗುಮುರುಗಾಗುವುದರಿಂದ ಶಾಖ ಹುಟ್ಟುತ್ತದೆ. ವೇಗವಾಗಿ ತಿರುಗುವ ರೋಟರ್ ಸುತ್ತಲಿನ ಗಾಳಿಯನ್ನು ಕಡೆಯುವುದರಿಂದ, ಬೇರಿಂಗಿನ ಘರ್ಷಣೆಯಿಂದ ಇನ್ನಷ್ಟು. ಇವೆಲ್ಲದರ ಜತೆಗೆ ಚದುರಿದ ಕಾಂತಕ್ಷೇತ್ರ ಅಕ್ಕಪಕ್ಕದ ಲೋಹದ ಭಾಗಗಳಲ್ಲಿ ಹುಟ್ಟಿಸುವ ನಷ್ಟವೂ ಇದೆ; ಲೆಕ್ಕಕ್ಕೆ ಸುಲಭವಾಗಿ ಸಿಗದ ತುಂಟ ಇದೇ. ದೊಡ್ಡ ಟರ್ಬೊ ಜನರೇಟರಿನ ದಕ್ಷತೆ ಶೇ 98ಕ್ಕೂ ಮೇಲೆ. ಕೇಳಲು ಹಿತವಾದ ಸಂಖ್ಯೆ. ಆದರೆ 210 ಮೆಗಾವ್ಯಾಟ್‌ನ ಯಂತ್ರದಲ್ಲಿ ಶೇ 1.4ರಷ್ಟು ಸೋರಿಹೋದರೂ ಅದು ಸುಮಾರು 3 ಮೆಗಾವ್ಯಾಟ್. ಒಂದು ಲಾರಿ ಉದ್ದದ ಉಕ್ಕಿನ ಕವಚದೊಳಗೆ 3,000 ಕಿಲೋವ್ಯಾಟ್ ಶಾಖ ಬಿಡುವಿಲ್ಲದೆ ಹುಟ್ಟುತ್ತಿದೆ ಎಂದು ಇದರ ಅರ್ಥ. ನೀರಿನ ಉಷ್ಣತೆ 10 ಡಿಗ್ರಿ ಏರಲು ಬಿಟ್ಟು ಈ ಶಾಖವನ್ನು ಹೊರತರಬೇಕೆಂದರೆ ಸೆಕೆಂಡಿಗೆ 70 ಲೀಟರಿಗೂ ಹೆಚ್ಚು ನೀರು ಹರಿಯಬೇಕು. ಗಾಳಿಯಿಂದಲೇ ಆಗಬೇಕೆಂದರೆ, ಗಾಳಿ 30 ಡಿಗ್ರಿ ಬಿಸಿಯಾಗಲು ಬಿಟ್ಟರೂ, ಸೆಕೆಂಡಿಗೆ ಸುಮಾರು 90 ಘನಮೀಟರ್ ಗಾಳಿಯನ್ನು ಇಕ್ಕಟ್ಟಾದ ಸಂದುಗಳೊಳಗೆ ತೂರಿಸಬೇಕು. ಅಷ್ಟು ಗಾಳಿಯನ್ನು ನೂಕುವ ಶ್ರಮವೇ ಮತ್ತೆ ಶಾಖವಾಗುತ್ತದೆ.

ಯಂತ್ರ ದೊಡ್ಡದಾದಂತೆ ಈ ತೊಂದರೆ ಏಕೆ ಬಿಗಿಯಾಗುತ್ತದೆ? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಒಂದೇ ಬಗೆಯ, ಒಂದೇ ವೇಗದ ಯಂತ್ರವನ್ನು ಉದ್ದ ಅಗಲ ಎತ್ತರಗಳಲ್ಲಿ 2 ಪಟ್ಟು ಮಾಡೋಣ. ತಾಮ್ರದ ಪ್ರತಿ ಚದರ ಮಿಲಿಮೀಟರಿಗೆ ಹರಿಯುವ ಪ್ರವಾಹವೂ ಕಬ್ಬಿಣದೊಳಗಿನ ಕಾಂತ ಸಾಂದ್ರತೆಯೂ ಹಾಗೆಯೇ ಇರಲಿ. ಆಗ ಯಂತ್ರದ ಸಾಮರ್ಥ್ಯ 16 ಪಟ್ಟಾಗುತ್ತದೆ. ನಷ್ಟವು ಗಾತ್ರವನ್ನು ಹಿಂಬಾಲಿಸುವುದರಿಂದ 8 ಪಟ್ಟಾಗುತ್ತದೆ. ಶಾಖ ಹೊರಹೋಗುವ ಮೇಲ್ಮೈ ಮಾತ್ರ ಬರೀ 4 ಪಟ್ಟು. ಒಂದೊಂದು ಚದರ ಮೀಟರ್ ಮೇಲ್ಮೈಯೂ ಮೊದಲಿಗಿಂತ 2 ಪಟ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ಅದೇ ಹೊತ್ತಿಗೆ ಒಂದು ಯೂನಿಟ್ ವಿದ್ಯುತ್ತಿಗೆ ತಗಲುವ ನಷ್ಟ ಅರ್ಧಕ್ಕಿಳಿದಿರುತ್ತದೆ. ದೊಡ್ಡ ಯಂತ್ರ ಹೆಚ್ಚು ಮಿತವ್ಯಯಿ; ಆದರೂ ಹೆಚ್ಚು ಬಿಸಿ. ವಿದ್ಯುತ್ ಯಂತ್ರಗಳ ನೂರಿಪ್ಪತ್ತು ವರ್ಷಗಳ ಇತಿಹಾಸವನ್ನು ಈ ಒಂದು ಇಕ್ಕಟ್ಟಿನ ಸುತ್ತ ಬರೆಯಬಹುದು ಎಂದು ನನಗೆ ಅನ್ನಿಸಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದ ಮೊದಲ ಜನರೇಟರುಗಳು ತಲಾ 720 ಕಿಲೋವ್ಯಾಟ್‌ನವು. ಯರಮರಸ್‌ನ ಒಂದು ಯಂತ್ರ ಅದರ ಸಾವಿರ ಪಟ್ಟಿಗೂ ಮಿಗಿಲು. ತಾಮ್ರ ಅದೇ ತಾಮ್ರ, ಕಬ್ಬಿಣ ಸ್ವಲ್ಪ ಸುಧಾರಿಸಿದ ಕಬ್ಬಿಣ. ಈ ನಡುವೆ ಅಡಿಮೇಲಾಗಿ ಬದಲಾದದ್ದು ಶಾಖವನ್ನು ಹೊರತರುವ ಬಗೆ.

ಈಗ ಶಾಖದ ದಾರಿಯನ್ನು ಹಿಡಿದು ಹೋಗೋಣ. ಸ್ಟೇಟರಿನ ಸ್ಲಾಟ್ ಒಳಗೆ ತಾಮ್ರದ ಬಾರ್ ಇದೆ. ಅದರ ಸುತ್ತ ಅಭ್ರಕ ಮತ್ತು ಎಪಾಕ್ಸಿ ರಾಳದ ಇನ್ಸುಲೇಷನ್, ಕಂಬಳಿ ಹೊದಿಸಿದಂತೆ. ಅದರಾಚೆ ತೆಳುಹಾಳೆಗಳನ್ನು ಜೋಡಿಸಿದ ಕಬ್ಬಿಣದ ಹಲ್ಲು. ಕೋರ್‌ನ ಉದ್ದಕ್ಕೂ ಕೆಲವು ಸೆಂಟಿಮೀಟರಿಗೊಮ್ಮೆ ಬಿಟ್ಟಿರುವ ಕಿರಿದಾದ ಗಾಳಿಯ ಸಂದು. ಅಲ್ಲಿಂದ ಕೂಲರ್, ಕೂಲರಿನಿಂದ ನೀರು. ತಾಮ್ರದ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ ಸುಮಾರು 390 ವ್ಯಾಟ್. ಅಭ್ರಕದ ಇನ್ಸುಲೇಷನ್ನಿನದು 0.25ರ ಆಸುಪಾಸು. ಬಾರ್‌ನ ಮೈಯಿಂದ ಪ್ರತಿ ಚದರ ಮೀಟರಿಗೆ 1,500 ವ್ಯಾಟ್ ಹೊರಬರುತ್ತಿದೆ ಎಂದಿಟ್ಟುಕೊಳ್ಳಿ. 5 ಮಿಲಿಮೀಟರ್ ದಪ್ಪದ ತಾಮ್ರವನ್ನು ದಾಟಲು ಆ ಶಾಖಕ್ಕೆ ಒಂದು ಡಿಗ್ರಿಯ ಐವತ್ತನೇ ಒಂದು ಭಾಗ ಸಾಕು. ಅಷ್ಟೇ ದಪ್ಪದ ಇನ್ಸುಲೇಷನ್ ದಾಟಲು 30 ಡಿಗ್ರಿ ಬೇಕು. ವಿದ್ಯುತ್ತನ್ನು ತಡೆಯುವ ಗುಣವೂ ಶಾಖವನ್ನು ತಡೆಯುವ ಗುಣವೂ ಇಲ್ಲಿ ಒಂದೇ ಮೈಯಲ್ಲಿ ಸೇರಿಕೊಂಡಿವೆ. ವೋಲ್ಟೇಜ್ ಏರಿಸಲು ಹೊದಿಕೆ ದಪ್ಪವಾಗಬೇಕು; ತಂಪಾಗಿಸಲು ತೆಳುವಾಗಬೇಕು. ಯಾವ ವಿನ್ಯಾಸಕಾರನೂ ಈ ಜಗ್ಗಾಟದಿಂದ ತಪ್ಪಿಸಿಕೊಂಡವನಲ್ಲ.

ಕಬ್ಬಿಣದ ಕೋರ್‌ಗೆ ಇನ್ನೊಂದು ವಿಚಿತ್ರ ಗುಣ. ಹಾಳೆಯ ಉದ್ದಕ್ಕೆ ಶಾಖ ಸಲೀಸಾಗಿ ಹರಿಯುತ್ತದೆ. ಹಾಳೆಯಿಂದ ಹಾಳೆಗೆ ದಾಟುವಾಗ ನಡುವಿನ ವಾರ್ನಿಷ್ ಅಡ್ಡ ಬರುವುದರಿಂದ ಹತ್ತಾರು ಪಟ್ಟು ಕಷ್ಟಪಡುತ್ತದೆ. ಹಾಗಾಗಿ ಕೋರ್ ಅನ್ನು ಒಂದೇ ಘನವಸ್ತು ಎಂದುಕೊಂಡು ಲೆಕ್ಕ ಮಾಡಿದರೆ ಮೊದಲ ಹೆಜ್ಜೆಯಲ್ಲೇ ತಪ್ಪು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಯಾವ ನಕ್ಷೆಯಲ್ಲೂ ಬರೆಯದ ಒಂದು ಪದರ. ಬಾರ್ ಮತ್ತು ಸ್ಲಾಟಿನ ಗೋಡೆಯ ನಡುವೆ ಎಲ್ಲೋ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. 0.1 ಮಿಲಿಮೀಟರ್ ಎಂದುಕೊಳ್ಳೋಣ. ಅದರಲ್ಲಿ ಗಾಳಿ ತುಂಬಿದ್ದರೆ, ಮೇಲಿನ ಲೆಕ್ಕದ ಶಾಖವೇ ಅದನ್ನು ದಾಟಲು ಸುಮಾರು 6 ಡಿಗ್ರಿ ಕೇಳುತ್ತದೆ. ಹೈಡ್ರೋಜನ್ ತುಂಬಿದ್ದರೆ ಒಂದು ಡಿಗ್ರಿಗೂ ಕಡಿಮೆ. ಆ ಸಂದು ನಿಜಕ್ಕೂ 0.1 ಮಿಲಿಮೀಟರೋ, 0.3 ಮಿಲಿಮೀಟರೋ, ಹೊಸ ಯಂತ್ರದಲ್ಲಿ ಇಲ್ಲದಿದ್ದುದು ಹತ್ತು ವರ್ಷದ ಕಂಪನದ ಮೇಲೆ ಹುಟ್ಟಿಕೊಂಡಿದೆಯೋ ಎಂಬುದನ್ನು ಕಂಪ್ಯೂಟರ್ ಹೇಳಲಾರದು. ಲೆಕ್ಕದ ಮಾದರಿ ಎಷ್ಟೇ ನಯವಾಗಿರಲಿ, ಅದರ ಉತ್ತರ ಇಂಥ ನಾಲ್ಕೈದು ಅನಿಶ್ಚಿತ ಸಂಖ್ಯೆಗಳ ಮೇಲೆ ತೂಗುತ್ತಿರುತ್ತದೆ. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಕೆಲವು ಡಿಗ್ರಿಗಳಿಗೆ ಇಷ್ಟೊಂದು ಚಿಂತೆ ಏಕೆಂದರೆ ಇನ್ಸುಲೇಷನ್ನಿನ ಆಯುಷ್ಯ ಡಿಗ್ರಿಗಳಲ್ಲೇ ಕರಗುವುದು. ಅದರ ಮುಪ್ಪು ಒಂದು ರಾಸಾಯನಿಕ ಕ್ರಿಯೆ. ಉಷ್ಣತೆ 8ರಿಂದ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬ ಅನುಭವಸೂತ್ರವನ್ನು ಮಾಂಟ್‌ಸಿಂಗರ್ 1930ರಲ್ಲಿ ಮುಂದಿಟ್ಟರು. ಅದಕ್ಕೆ ರಸಾಯನಶಾಸ್ತ್ರದ ಆಧಾರವನ್ನು ಡೇಕಿನ್ 1948ರಲ್ಲಿ ಕಟ್ಟಿಕೊಟ್ಟರು. ಅಂತರರಾಷ್ಟ್ರೀಯ ಮಾನದಂಡಗಳು ಇನ್ಸುಲೇಷನ್ನನ್ನು ವರ್ಗಗಳಾಗಿ ವಿಂಗಡಿಸಿವೆ: ಬಿ ವರ್ಗಕ್ಕೆ 130 ಡಿಗ್ರಿ, ಎಫ್ ವರ್ಗಕ್ಕೆ 155, ಎಚ್ ವರ್ಗಕ್ಕೆ 180. ಸುತ್ತಲಿನ ಗಾಳಿ 40 ಡಿಗ್ರಿ ಎಂದು ಹಿಡಿದು, ಬಿ ವರ್ಗದ ವೈಂಡಿಂಗಿಗೆ ಅದರ ವಿದ್ಯುತ್ ರೋಧದಿಂದ ಲೆಕ್ಕ ಹಾಕಿದ 80 ಡಿಗ್ರಿ ಏರಿಕೆಯನ್ನು ಮಾನದಂಡ ಒಪ್ಪುತ್ತದೆ. ಎರಡೂ ಕೂಡಿದರೆ 120. ವರ್ಗದ ಮಿತಿಯಾದ 130ಕ್ಕೆ ಇನ್ನೂ 10 ಡಿಗ್ರಿ ಉಳಿಯಿತು. ರೋಧದಿಂದ ಸಿಗುವುದು ಇಡೀ ವೈಂಡಿಂಗಿನ ಸರಾಸರಿ. ಅತಿ ಬಿಸಿಯಾದ ಜಾಗ ಆ ಸರಾಸರಿಗಿಂತ ಎಷ್ಟು ಮೇಲಿದೆಯೋ ತಿಳಿಯದಾದ್ದರಿಂದ ಬಿಟ್ಟುಕೊಟ್ಟ ಅಂತರ ಅದು. ನಮ್ಮ ಇಡೀ ಶಾಸ್ತ್ರ ದುಡಿಯುವುದು ಆ 10 ಡಿಗ್ರಿಯ ಒಳಗೆ ನಿಜವಾಗಿ ಏನಿದೆ ಎಂದು ಕಂಡುಕೊಳ್ಳಲು. ಎಫ್ ವರ್ಗದ ಇನ್ಸುಲೇಷನ್ ಹಾಕಿ ಬಿ ವರ್ಗದ ಮಿತಿಯಲ್ಲಿ ಯಂತ್ರವನ್ನು ಓಡಿಸುವ ರೂಢಿ ಬಂದಿರುವುದೂ ಈ ಅಜ್ಞಾತಕ್ಕೆ ಅಂಜಿಯೇ. ಒಳ್ಳೆಯ ರೂಢಿ.

ಸಭಿಕರೇ, ತಂಪಾಗಿಸುವ ಬಗೆಗಳು ಹೇಗೆ ಬೆಳೆದವು ಎಂಬುದನ್ನು ಚುರುಕಾಗಿ ನೋಡಿ ಮುಂದೆ ಹೋಗೋಣ. ಮೊದಲಿಗೆ ಹೊರಗಿನ ಗಾಳಿಯನ್ನು ಒಳಗೆಳೆದು ಹೊರಗೆ ಬಿಡುತ್ತಿದ್ದರು. ಧೂಳಿನ ಕಾಟಕ್ಕೆ ಅದೇ ಗಾಳಿಯನ್ನು ಮುಚ್ಚಿದ ಕವಚದೊಳಗೆ ಸುತ್ತಿಸಿ, ನಡುವೆ ನೀರಿನ ಕೂಲರ್ ಇಟ್ಟರು. ಆಮೇಲೆ ಬಂದದ್ದು ಹೈಡ್ರೋಜನ್. ಅದರ ಸಾಂದ್ರತೆ ಗಾಳಿಯ ಹದಿನಾಲ್ಕನೇ ಒಂದು ಭಾಗ, ಉಷ್ಣವಾಹಕತೆ ಗಾಳಿಯ 7 ಪಟ್ಟು. ಹಗುರಾದ ಅನಿಲವನ್ನು ಕಡೆಯುವುದರಿಂದ ಆಗುವ ನಷ್ಟ ಬಹಳ ಕಡಿಮೆ; ಆಮ್ಲಜನಕ ಇಲ್ಲದ್ದರಿಂದ ಇನ್ಸುಲೇಷನ್ ಉತ್ಕರ್ಷಣಗೊಳ್ಳುವುದೂ ಇಲ್ಲ. ಗಾಳಿಯೊಡನೆ ಶೇ 4ರಿಂದ 75ರ ಪ್ರಮಾಣದಲ್ಲಿ ಬೆರೆತರೆ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಅದನ್ನು ಸದಾ ಶುದ್ಧವಾಗಿ, ಒತ್ತಡದಲ್ಲಿ, ತೈಲದ ಸೀಲ್‌ಗಳ ಕಾವಲಿನಲ್ಲಿ ಇಡಬೇಕು. ಹೈಡ್ರೋಜನ್ ತುಂಬಿದ ಮೊದಲ ಟರ್ಬೊ ಜನರೇಟರ್ ಅಮೆರಿಕದ ಡೇಟನ್‌ನಲ್ಲಿ 1937ರಲ್ಲಿ ಓಡಿತು. ಒತ್ತಡ ಏರಿಸಿದಷ್ಟೂ ಅದು ಹೊತ್ತೊಯ್ಯುವ ಶಾಖ ಹೆಚ್ಚು. ನಮ್ಮ 500 ಮೆಗಾವ್ಯಾಟ್‌ನ ಯಂತ್ರಗಳಲ್ಲಿ ಅದು ವಾತಾವರಣಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಒತ್ತಡದಲ್ಲಿರುತ್ತದೆ.

ಇಷ್ಟಾದರೂ ಇನ್ಸುಲೇಷನ್ನಿನ ಆ 30 ಡಿಗ್ರಿ ಉಳಿದೇ ಇತ್ತು. ಅದನ್ನು ತಪ್ಪಿಸಲು ಒಂದೇ ದಾರಿ: ಹೊದಿಕೆಯನ್ನು ದಾಟದೆ, ತಾಮ್ರದ ಒಳಗಿನಿಂದಲೇ ಶಾಖವನ್ನು ತೆಗೆಯುವುದು. 1950ರ ದಶಕದಲ್ಲಿ ಟೊಳ್ಳು ತಾಮ್ರದ ವಾಹಕಗಳೊಳಗೆ ನೀರನ್ನೇ ಹರಿಸಲು ಶುರುಮಾಡಿದರು. 21 ಕಿಲೋವೋಲ್ಟ್‌ನಲ್ಲಿರುವ ಬಾರ್‌ಗೆ ಟೆಫ್ಲಾನ್ ಕೊಳವೆಯಲ್ಲಿ ನೀರು ಬಂದು ಸೇರುತ್ತದೆ. ಆ ನೀರಿನಲ್ಲಿ ಲವಣದ ಸುಳಿವೂ ಇರಬಾರದು. ಇದ್ದರೆ ಅದೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಕರಗಿದ ಆಮ್ಲಜನಕದ ಹಿಡಿತ ತಪ್ಪಿದರೆ ತಾಮ್ರದ ಆಕ್ಸೈಡ್ ಕಳಚಿ ಕಿರಿದಾದ ರಂಧ್ರಗಳನ್ನು ಮುಚ್ಚುತ್ತದೆ. ಒಂದೇ ಬಾರ್‌ನ ಕೆಲವು ರಂಧ್ರಗಳು ಮುಚ್ಚಿದರೂ ಇಡೀ ವೈಂಡಿಂಗಿನ ಸರಾಸರಿ ಅಲುಗುವುದೇ ಇಲ್ಲ. ಆ ಬಾರ್ ಮಾತ್ರ ಕುದಿಯುತ್ತಿರುತ್ತದೆ. ಒಂದೊಂದು ಬಾರ್‌ನಿಂದ ಹೊರಬರುವ ನೀರಿನ ಉಷ್ಣತೆಯನ್ನು ಬೇರೆಬೇರೆಯಾಗಿ ನೋಡಬೇಕು ಎನ್ನುವುದು ಇದಕ್ಕೇ.

ಇನ್ನು ಲೆಕ್ಕದ ಕಡೆಗೆ ಬರುತ್ತೇನೆ. ಮೂಲ ಸೂತ್ರ ಹಳೆಯದು. ಶಾಖ ಬಿಸಿಯಿಂದ ತಂಪಿನ ಕಡೆಗೆ, ಉಷ್ಣತೆಯ ಇಳಿಜಾರಿಗೆ ತಕ್ಕಂತೆ ಹರಿಯುತ್ತದೆ ಎಂಬುದನ್ನು ಫೂರಿಯೇ 1822ರ ತಮ್ಮ ಗ್ರಂಥದಲ್ಲಿ ಗಣಿತಕ್ಕೆ ತಂದರು. ಅದು ವಿದ್ಯುತ್ ಮಂಡಲದ ಓಮ್ ನಿಯಮದ ರೂಪದಲ್ಲೇ ಇದೆ: ವೋಲ್ಟೇಜಿನ ಜಾಗದಲ್ಲಿ ಉಷ್ಣತೆಯ ಅಂತರ, ಪ್ರವಾಹದ ಜಾಗದಲ್ಲಿ ಶಾಖ, ರೋಧದ ಜಾಗದಲ್ಲಿ ಉಷ್ಣರೋಧ. ವಿದ್ಯುತ್ ಎಂಜಿನಿಯರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಯಂತ್ರವನ್ನು ಹಲ್ಲು, ನೊಗ, ಬಾರ್, ತುದಿಯ ವೈಂಡಿಂಗ್, ರೋಟರ್ ಎಂದು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡನ್ನೂ ಒಂದು ಗಂಟಾಗಿ ಹಿಡಿದು, ಗಂಟುಗಳ ನಡುವೆ ಉಷ್ಣರೋಧಗಳನ್ನು ಕಟ್ಟಿದರೆ ಒಂದು ಜಾಲ ಸಿದ್ಧವಾಗುತ್ತದೆ. ಟರ್ಬೊ ಜನರೇಟರಿನಲ್ಲಿ ಶಾಖದ ಹರಿವನ್ನು ಹೀಗೆ ಬಿಡಿಸಿಟ್ಟ ಸೋಡರ್‌ಬರ್ಗ್ ಅವರ ಪ್ರಬಂಧ 1931ರದು. ಆಗ ಲೆಕ್ಕಕ್ಕೆ ಇದ್ದದ್ದು ಸ್ಲೈಡ್ ರೂಲ್‌ನಂಥ ಸಾಧನಗಳು. 1991ರಲ್ಲಿ ಮೆಲ್ಲರ್ ಮತ್ತು ಸಂಗಡಿಗರು ಮುಚ್ಚಿದ ಮೋಟಾರುಗಳಿಗೆ ಕಟ್ಟಿದ ಕೆಲವೇ ಗಂಟುಗಳ ಜಾಲ ಇಂದಿಗೂ ಬಳಕೆಯಲ್ಲಿದೆ. ಲೋಡ್ ಏರಿಳಿದಾಗ ಉಷ್ಣತೆ ಹೇಗೆ ಬದಲಾಗುತ್ತದೆಂದು ಓಡುತ್ತಿರುವ ಯಂತ್ರದ ಪಕ್ಕದಲ್ಲೇ ಕುಳಿತು ಹೇಳುವಷ್ಟು ಹಗುರ.

ಇನ್ನೊಂದು ಬಗೆಯಲ್ಲಿ ಯಂತ್ರವನ್ನು ಲಕ್ಷಾಂತರ ಪುಟ್ಟ ತುಣುಕುಗಳಾಗಿ ಕತ್ತರಿಸಿ ಒಂದೊಂದರಲ್ಲೂ ಫೂರಿಯೇ ಸಮೀಕರಣವನ್ನು ಬಿಡಿಸುತ್ತಾರೆ. ಅದು ಫೈನೈಟ್ ಎಲಿಮೆಂಟ್ ವಿಧಾನ. ಘನಭಾಗಗಳ ಮಟ್ಟಿಗೆ ಅದು ಬಲು ನಿಖರ. ಆದರೆ ಶಾಖ ಲೋಹದ ಮೈಯನ್ನು ಬಿಟ್ಟು ಅನಿಲಕ್ಕೆ ಸೇರುವ ಗಡಿಯಲ್ಲಿ ಎಷ್ಟು ಸಲೀಸಾಗಿ ದಾಟುತ್ತದೆ ಎಂಬ ಗುಣಾಂಕವನ್ನು ನಾವೇ ಕೊಡಬೇಕು. ಆ ಗುಣಾಂಕ ಅನಿಲದ ವೇಗಕ್ಕೂ ಸುಳಿಗಳಿಗೂ ಸೇರಿದ್ದು. ಸ್ಟೇಟರ್ ಮತ್ತು ರೋಟರ್ ನಡುವಿನ ಸಂದಿನಲ್ಲಿ ಅನಿಲ ಸುಮ್ಮನೆ ಹರಿಯುವುದಿಲ್ಲ. ಒಳಗಿನ ಉರುಳೆ ತಿರುಗಿದಾಗ ಉಂಗುರದಂಥ ಸುಳಿಗಳು ಏಳುತ್ತವೆ ಎಂಬುದನ್ನು ಜಿ. ಐ. ಟೇಲರ್ 1923ರಲ್ಲಿ ತೋರಿಸಿದರು. ಸಂದಿನ ಗೋಡೆ ನಯವಾಗಿಲ್ಲ, ಸ್ಲಾಟುಗಳಿವೆ, ಮೇಲಿಂದ ಬೇರೆ ಗಾಳಿ ನುಗ್ಗುತ್ತದೆ. ಇದನ್ನು ಬಿಡಿಸಲು ದ್ರವಗತಿಶಾಸ್ತ್ರದ ಗಣಕ ವಿಧಾನ ಬೇಕು. ಇಡೀ ಯಂತ್ರಕ್ಕೆ ಅದನ್ನು ಹಾಕಿದರೆ ದೊಡ್ಡ ಕಂಪ್ಯೂಟರುಗಳೂ ದಿನಗಟ್ಟಲೆ ಕೂರಬೇಕು.

ಮೂರರಲ್ಲಿ ಯಾವುದು ಮೇಲು ಎಂಬ ಚರ್ಚೆ ವೃಥಾ. ಕಠಿಣವಾದ ಒಂದು ತುಂಡಿಗೆ, ಅಂದರೆ ಒಂದು ಸಂದಿನ ಗಾಳಿಗೋ ತುದಿಯ ವೈಂಡಿಂಗಿನ ಸುತ್ತಲಿನ ಹರಿವಿಗೋ, ದುಬಾರಿ ಲೆಕ್ಕ ಮಾಡಿ ಗುಣಾಂಕವನ್ನು ತೆಗೆದು, ಅದನ್ನು ಜಾಲದ ಮಾದರಿಗೆ ಕೊಡುವುದು ಬಲ್ಲವರ ದಾರಿ. ಆದರೆ ನನ್ನನ್ನು ಚಿಂತೆಗೀಡುಮಾಡುವುದು ಬೇರೆ. ಬಣ್ಣಬಣ್ಣದ ಉಷ್ಣತೆಯ ಚಿತ್ರ ಪರದೆಯ ಮೇಲೆ ಮೂಡಿದ ಕೂಡಲೇ ನೋಡುವವರು ಅದನ್ನು ಅಳತೆ ಎಂದೇ ನಂಬಿಬಿಡುತ್ತಾರೆ. ಕೆಂಪು ಇರುವಲ್ಲಿ 128 ಡಿಗ್ರಿ ಎಂದು ಕಂಪ್ಯೂಟರ್ ಬರೆದರೆ ಆ 128ರ ಹಿಂದೆ ನಾನು ಆಗ ಹೇಳಿದ ಕೂದಲೆಳೆಯ ಸಂದು ಇದೆ. ಸಂದನ್ನು 0.1ರಿಂದ 0.3 ಮಿಲಿಮೀಟರಿಗೆ ಬದಲಿಸಿ ನೋಡಿ ಉತ್ತರ ಎಷ್ಟು ಸರಿಯಿತು ಎಂದು ಹೇಳದ ವರದಿಯನ್ನು ನಾನು ಪೂರ್ತಿಯಾದ ವರದಿ ಎಂದು ಒಪ್ಪುವುದಿಲ್ಲ.

ಅಳತೆಯೂ ತನ್ನಷ್ಟಕ್ಕೆ ಸತ್ಯ ಹೇಳುವುದಿಲ್ಲ. ಸ್ಟೇಟರಿನ ಸ್ಲಾಟಿನಲ್ಲಿ ಮೇಲಿನ ಬಾರ್ ಮತ್ತು ಕೆಳಗಿನ ಬಾರ್ ನಡುವೆ ಪ್ಲಾಟಿನಂ ತಂತಿಯ ಆರ್‌ಟಿಡಿ ಎಂಬ ಥರ್ಮಾಮೀಟರನ್ನು ಇಡುತ್ತಾರೆ. ಅದರ ರೋಧ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಸಾಧನ ಚೊಕ್ಕ, ಇರುವ ಜಾಗದ್ದೇ ತೊಡಕು. ಅದು ಕುಳಿತಿರುವುದು ಇನ್ಸುಲೇಷನ್ನಿನ ಹೊರಗೆ. ತಾಮ್ರ ಒಳಗಿದೆ. ಎರಡರ ನಡುವಿನ ಇಳಿತ ಲೋಡಿನೊಡನೆ ಬದಲಾಗುತ್ತದೆ. ನೀರಿನಿಂದ ತಂಪಾಗುವ ಯಂತ್ರದಲ್ಲಂತೂ ಶಾಖ ಹೊದಿಕೆಯ ಕಡೆಗೆ ಬರುವುದೇ ಕಡಿಮೆಯಾದ್ದರಿಂದ ಆ ಅಂಕಿಯ ಅರ್ಥವೇ ಬೇರೆ. ಪ್ಯಾನೆಲ್ಲಿನ ಅಂಕಿಯನ್ನು ತಾಮ್ರದ ಉಷ್ಣತೆಯಾಗಿ ಓದಲು ನಡುವೆ ಒಂದು ಮಾದರಿ ಬೇಕು. ಆ ಮಾದರಿಯನ್ನು ತಿದ್ದಲು ಪ್ಯಾನೆಲ್ಲಿನ ಅಂಕಿ ಬೇಕು. ಎರಡನ್ನೂ ಜತೆಯಲ್ಲಿಟ್ಟುಕೊಂಡೇ ದುಡಿಯಬೇಕು.

ರೋಟರಿನ ಕಷ್ಟ ಇನ್ನೂ ಹೆಚ್ಚು. ನಿಮಿಷಕ್ಕೆ 3,000 ಸುತ್ತು ತಿರುಗುವ, ಒಂದು ಮೀಟರಿಗಿಂತ ತುಸು ಹೆಚ್ಚು ವ್ಯಾಸದ ಉಕ್ಕಿನ ಉರುಳೆಯ ಅಂಚು ಸೆಕೆಂಡಿಗೆ 170 ಮೀಟರಿನಷ್ಟು ವೇಗದಲ್ಲಿ ಓಡುತ್ತದೆ. ಕೇಂದ್ರಾಪಗಾಮಿ ಬಲ ಉಕ್ಕಿನ ತಾಳಿಕೆಯನ್ನು ಮೀರುವುದರಿಂದ ವ್ಯಾಸವನ್ನು ಹಿಗ್ಗಿಸುವಂತಿಲ್ಲ, ಉದ್ದವನ್ನೇ ಬೆಳೆಸಬೇಕು. ಉದ್ದ ಬೆಳೆದಷ್ಟೂ ಎರಡೂ ತುದಿಯಿಂದ ಹೊರಟ ಅನಿಲ ನಡುಭಾಗಕ್ಕೆ ಮುಟ್ಟುವ ಹೊತ್ತಿಗೆ ಬಿಸಿಯಾಗಿರುತ್ತದೆ. ಒಂದು ಬದಿಯ ಕೆಲವು ಗಾಳಿರಂಧ್ರಗಳು ಮುಚ್ಚಿದರೆ ಆ ಬದಿ ಹೆಚ್ಚು ಹಿಗ್ಗಿ ಇಡೀ ರೋಟರ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಕಂಪನ ಏರುತ್ತದೆ. ಫೀಲ್ಡ್ ಪ್ರವಾಹ ಏರಿಸಿದಾಗ ಕಂಪನವೂ ಏರಿ, ಇಳಿಸಿದಾಗ ಇಳಿದರೆ, ಅನುಭವಿಗಳು ಬೇರಿಂಗನ್ನು ದೂರುವ ಮೊದಲು ಶಾಖವನ್ನು ಶಂಕಿಸುತ್ತಾರೆ. ಥರ್ಮಾಮೀಟರ್ ಇಡಲಾಗದ ಕಡೆ ಕಂಪನವೇ ಥರ್ಮಾಮೀಟರಿನ ಕೆಲಸ ಮಾಡುತ್ತದೆ.

ಈವರೆಗೆ ಯಂತ್ರದ ಒಳಗಿನ ಮಾತಾಯಿತು. ಮಾದರಿಯ ಹೊರಗಡಿಯ ಬಗ್ಗೆ ವಿನ್ಯಾಸದ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಸುತ್ತಲಿನ ಗಾಳಿ 40 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಗಾಳಿ 43–44 ಡಿಗ್ರಿ ಮುಟ್ಟುವುದನ್ನು ಅಲ್ಲಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಗಾಳಿಯಿಂದಲೇ ತಂಪಾಗುವ ಮೋಟಾರಿಗೆ ಇದು ನೇರ ಪೆಟ್ಟು. 40ನ್ನು ಮೀರಿದ ಅಷ್ಟೂ ಡಿಗ್ರಿಯನ್ನು ಅನುಮತಿಸಿದ ಏರಿಕೆಯಿಂದ ಕಳೆಯಬೇಕು ಎಂದು ಮಾನದಂಡ ಹೇಳುತ್ತದೆ. ಆದರೆ ಕೂಲಿಂಗ್ ಟವರಿನ ನೀರಿನಿಂದ ತಂಪಾಗುವ ಜನರೇಟರಿನ ಕತೆ ಬೇರೆಯೇ. ಟವರಿನ ನೀರು ಎಷ್ಟು ತಣ್ಣಗಾದೀತು ಎಂಬುದನ್ನು ನಿರ್ಧರಿಸುವುದು ಒದ್ದೆಬಟ್ಟೆ ಸುತ್ತಿದ ಥರ್ಮಾಮೀಟರ್ ತೋರುವ ಉಷ್ಣತೆ. 43 ಡಿಗ್ರಿಯ ಬಿಸಿಲಿನಲ್ಲಿ ತೇವಾಂಶ ಶೇ 20 ಇದ್ದರೆ ಆ ಉಷ್ಣತೆ ಸುಮಾರು 24 ಡಿಗ್ರಿ ಮಾತ್ರ. ಮಳೆಗಾಲದಲ್ಲಿ ಗಾಳಿ 30 ಡಿಗ್ರಿಗಿಳಿದು ತೇವಾಂಶ ಶೇ 85 ಆದರೆ ಅದು 28ರ ಹತ್ತಿರ. ಜನ ಬೆಂದುಹೋಗುವ ದಿನ ಜನರೇಟರಿಗೆ ತಂಪು. ಜನಕ್ಕೆ ಹಿತವಾದ ದಿನ ಅದಕ್ಕೆ ಸೆಕೆ. ಒಂದೇ ಆವರಣದಲ್ಲಿರುವ ಜನರೇಟರಿಗೂ ಮೋಟಾರಿಗೂ ಕಷ್ಟದ ತಿಂಗಳುಗಳು ಬೇರೆಬೇರೆ ಎಂಬುದನ್ನು ವರ್ಷವಿಡೀ ಒಂದೇ 40 ಡಿಗ್ರಿ ಹಿಡಿದ ಮಾದರಿ ಕಾಣಲಾರದು. ಕೂಲಿಂಗ್ ಟವರ್ ಇಲ್ಲದೆ ನದಿಯ ಇಲ್ಲವೇ ಜಲಾಶಯದ ನೀರನ್ನೇ ನೇರ ಬಳಸುವಲ್ಲಿ ಲೆಕ್ಕ ಮತ್ತೊಂದು ಬಗೆ: ಮೇ ತಿಂಗಳ ಆಳವಿಲ್ಲದ ನೀರಿನ ಉಷ್ಣತೆಯೇ ಅಲ್ಲಿನ ಗಡಿ.

ಧೂಳಿನ ವಿಷಯವನ್ನೂ ಇಲ್ಲೇ ಹೇಳಬೇಕು. ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸುತ್ತ, ಸೇಡಂ, ವಾಡಿಗಳಲ್ಲಿ ಇಂದು ಸಿಮೆಂಟ್ ಕಾರ್ಖಾನೆಗಳಿವೆ. ಗಿರಣಿಗಳನ್ನು ತಿರುಗಿಸುವ ಅಲ್ಲಿನ ದೊಡ್ಡ ಮೋಟಾರುಗಳ ಕೂಲರ್ ಕೊಳವೆಗಳ ಮೇಲೆ ಸುಣ್ಣಕಲ್ಲಿನ ನುಣುಪು ಧೂಳು ಪದರಗಟ್ಟುತ್ತದೆ. ಮೋಟಾರ್ ಹೊಸದಾಗಿದ್ದಾಗ ಪರೀಕ್ಷೆಯಲ್ಲಿ ಸಿಕ್ಕ ಗುಣಾಂಕ ಮೂರನೆಯ ವರ್ಷಕ್ಕೆ ಸತ್ಯವಾಗಿ ಉಳಿದಿರುವುದಿಲ್ಲ. ನಿಂತ ಮೋಟಾರನ್ನು ಮತ್ತೆ ಹೊರಡಿಸುವಾಗಲಂತೂ ಅತಿ ಹೆಚ್ಚಿನ ಪ್ರವಾಹ ಕೆಲವೇ ಸೆಕೆಂಡುಗಳಲ್ಲಿ ಸುರಿಯುವ ಶಾಖಕ್ಕೆ ಹೊರಹೋಗಲು ಪುರಸೊತ್ತೇ ಇರುವುದಿಲ್ಲ. ತಣ್ಣಗಿದ್ದಾಗ ಸತತ ಎರಡು ಸಲ, ಬಿಸಿಯಿದ್ದಾಗ ಒಂದೇ ಸಲ ಸ್ಟಾರ್ಟ್ ಮಾಡಬಹುದು ಎಂಬ ಸಾಮಾನ್ಯ ನಿಯಮದ ಹಿಂದಿರುವುದು ಇದೇ.

ಈ ಕಾಲದ ಹೊಸ ಸವಾಲು ಬೇರೆ ಕಡೆಯಿಂದ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಹಗಲು ಹೊತ್ತು ಸೂರ್ಯನ ವಿದ್ಯುತ್ ಗ್ರಿಡ್‌ಗೆ ತುಂಬಿ ಬಂದಾಗ ಉಷ್ಣವಿದ್ಯುತ್ ಘಟಕಗಳು ಇಳಿಯಬೇಕು, ಸಂಜೆ ಮತ್ತೆ ಏರಬೇಕು. ಕಲ್ಲಿದ್ದಲು ಘಟಕಗಳು ಶೇ 40ರ ಲೋಡ್‌ವರೆಗೆ ಇಳಿದು ಓಡಲು ಸಿದ್ಧವಾಗಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಹೇಳುತ್ತವೆ. ಲೋಡ್ ಇಳಿದರೆ ಶಾಖವೂ ಇಳಿಯುತ್ತದಲ್ಲ, ಒಳ್ಳೆಯದೇ ಅಲ್ಲವೇ ಎಂದು ತೋರಬಹುದು. ಹಾಗಿಲ್ಲ. ತಾಮ್ರ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. 6 ಮೀಟರ್ ಉದ್ದದ ಬಾರ್‌ನ ತಾಮ್ರ 80 ಡಿಗ್ರಿ ಏರಿ, ಕೋರ್ 50 ಡಿಗ್ರಿ ಏರಿದರೆ ಎರಡರ ಹಿಗ್ಗುವಿಕೆಯಲ್ಲಿ ನಾಲ್ಕೂವರೆ ಮಿಲಿಮೀಟರಿನಷ್ಟು ಅಂತರ ಬೀಳುತ್ತದೆ. ಆ ಎಳೆತವನ್ನೆಲ್ಲ ನಡುವಿನ ಇನ್ಸುಲೇಷನ್ ತಾಳಿಕೊಳ್ಳಬೇಕು, ದಿನಕ್ಕೊಮ್ಮೆ, ವರ್ಷಗಟ್ಟಲೆ. ಒಂದೇ ಉಷ್ಣತೆಯಲ್ಲಿ ನಿಶ್ಚಿಂತೆಯಿಂದ ಮೂವತ್ತು ವರ್ಷ ಬಾಳಬೇಕಾದ ಹೊದಿಕೆ ಏರಿಳಿತದಲ್ಲಿ ಬೇಗ ಸಡಿಲಗೊಳ್ಳುತ್ತದೆ. ಸಡಿಲಗೊಂಡಲ್ಲಿ ಆ ಕೂದಲೆಳೆಯ ಸಂದು ಹುಟ್ಟುತ್ತದೆ.

ಇದರ ಜತೆಗೆ, ಲೈನುಗಳು ಹಗುರಾಗಿರುವಾಗ ವೋಲ್ಟೇಜ್ ಏರದಂತೆ ನೋಡಿಕೊಳ್ಳಲು ಜನರೇಟರಿನ ಫೀಲ್ಡ್ ಅನ್ನು ತಗ್ಗಿಸಿ ಓಡಿಸುತ್ತಾರೆ. ಆಗ ಕೋರ್‌ನ ತುದಿಗೆ ಕಾಂತರೇಖೆಗಳು ಅಡ್ಡಲಾಗಿ ನುಗ್ಗಿ, ಹಾಳೆಗಳ ಅಗಲಕ್ಕೂ ಸುಳಿಪ್ರವಾಹ ಹರಿದು, ತುದಿಯ ಹಲ್ಲುಗಳು ವಿಶೇಷವಾಗಿ ಬಿಸಿಯಾಗುತ್ತವೆ. ಮೆಗಾವ್ಯಾಟ್ ಕಡಿಮೆ, ಸ್ಟೇಟರಿನ ಸರಾಸರಿ ಉಷ್ಣತೆ ಕಡಿಮೆ, ಪ್ಯಾನೆಲ್ಲಿನಲ್ಲಿ ಎಲ್ಲವೂ ಹಸಿರು. ಅತಿ ಬಿಸಿಯಾದ ಜಾಗ ಮಾತ್ರ ನಡುವಿನಿಂದ ತುದಿಗೆ ಸರಿದುಬಿಟ್ಟಿರುತ್ತದೆ. ಪೂರ್ಣ ಲೋಡಿಗೆಂದು ಒಮ್ಮೆ ಮಾಡಿ ಕಪಾಟಿನಲ್ಲಿಟ್ಟ ಲೆಕ್ಕ ಇಲ್ಲಿ ಸಾಲದು. ಯಂತ್ರದ ಜತೆಗೇ ಬಾಳುವ, ಅದರ ದಿನಚರಿಯನ್ನು ಓದುತ್ತಾ ತನ್ನನ್ನು ತಿದ್ದಿಕೊಳ್ಳುವ ಮಾದರಿ ಬೇಕು.

ಅಂಥ ಮಾದರಿಗೆ ಭಾರಿ ಕಂಪ್ಯೂಟರ್ ಬೇಕಾಗಿಲ್ಲ. ಮೂವತ್ತು ನಲವತ್ತು ಗಂಟುಗಳ ಒಂದು ಜಾಲ ಸಾಕು. ಕಲಬುರಗಿಯ ಪಿ.ಡಿ.ಎ. ಎಂಜಿನಿಯರಿಂಗ್ ಕಾಲೇಜಿನಲ್ಲೋ ಉಸ್ಮಾನಿಯಾದಲ್ಲೋ ಅಂತಿಮ ವರ್ಷ ಓದುವ ನಾಲ್ಕು ಮಕ್ಕಳು ಒಂದು ವರ್ಷದಲ್ಲಿ ಅದನ್ನು ಕಟ್ಟಬಲ್ಲರು. ಅವರಿಗೆ ಬೇಕಾದ್ದು ಸ್ಥಾವರದವರ ಸಹಕಾರ ಮತ್ತು ಶ್ರದ್ಧೆಯಿಂದ ಬರೆದಿಟ್ಟ ಅಂಕಿಗಳು: ಗಂಟೆಗೊಮ್ಮೆ ಲೋಡ್, ಫೀಲ್ಡ್ ಪ್ರವಾಹ, ತಣ್ಣನೆಯ ಅನಿಲದ ಮತ್ತು ಬಿಸಿ ಅನಿಲದ ಉಷ್ಣತೆ, ಕೂಲರಿಗೆ ಒಳಬರುವ ಹೊರಹೋಗುವ ನೀರಿನ ಉಷ್ಣತೆ, ಆ ನೀರಿನ ಹರಿವು, ಒಣ ಮತ್ತು ಒದ್ದೆ ಥರ್ಮಾಮೀಟರುಗಳ ಅಂಕಿ. ಓವರ್‌ಹಾಲ್‌ಗೆ ರೋಟರನ್ನು ಹೊರತೆಗೆದಾಗ ಸ್ಲಾಟಿನ ಬಿಗಿತವನ್ನೂ ಗಾಳಿರಂಧ್ರಗಳ ಹರಿವನ್ನೂ ಅಳೆದು ದಾಖಲಿಸಿದರೆ, ನಾನು ಹೇಳಿದ ಆ ಅನಿಶ್ಚಿತ ಸಂಖ್ಯೆಗಳಿಗೆ ಗಡಿ ಹಾಕಲು ಬರುತ್ತದೆ. ಇವುಗಳಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ, ಕೂಲರ್ ನೀರಿನ ಹರಿವಿನ ಪ್ರಮಾಣ ಎನ್ನುತ್ತೇನೆ. ಹರಿವನ್ನೂ ಎರಡು ಬದಿಯ ಉಷ್ಣತೆಯ ಅಂತರವನ್ನೂ ನೀರಿನ ವಿಶಿಷ್ಟ ಉಷ್ಣವನ್ನೂ ಗುಣಿಸಿದರೆ ಯಂತ್ರ ಆ ಗಳಿಗೆಯಲ್ಲಿ ಅನಿಲಕ್ಕೆ ಬಿಟ್ಟುಕೊಡುತ್ತಿರುವ ಒಟ್ಟು ಶಾಖ ನೇರವಾಗಿ ಸಿಗುತ್ತದೆ. ಮಾದರಿ ಹೇಳುವ ನಷ್ಟವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು. ಕೊಳವೆಯ ಹೊರಮೈಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರಿನಿಂದ, ಪೈಪನ್ನು ಕತ್ತರಿಸದೆ, ಘಟಕವನ್ನು ನಿಲ್ಲಿಸದೆ ಈ ಅಳತೆಯನ್ನು ತೆಗೆಯಬಹುದು.